ಹಿತ್ತಲ ಕುಂಬಳ: ಹಳೇ ಬೀಜ, ಹೊಸ ಬಳ್ಳಿ



ಎರಡು ವರ್ಷದ ಹಿಂದೆ ಮಿರಗದ ಮಳೆಗೆ ಮುಂಚೆ ನಾವು ಕೆಲವು ಸಂಘಗಳಿಗೆ ಕೈತೋಟದ ಬೀಜದ ಪಾಕೀಟು ಹಂಚಿದ್ದೆವು. ಬೆಂಡೆ, ಚವಳಿ, ಹೀರೆ, ಸೌತೆ ಜೊತೆಗೆ ಸಿಹಿ ಕುಂಬಳದ ಬೀಜವೂ ಇತ್ತು. ಅಂಗಡಿಯಿಂದ ತಂದ ಬೀಜ. ಆ ವರ್ಷ ಬಳ್ಳಿ ಚೆನ್ನಾಗಿ ಹಬ್ಬಿತು, ಕಾಯಿಗಳು ಒಂದೇ ಅಚ್ಚಿನಲ್ಲಿ ಹೊಯ್ದಂತೆ ಬಂದವು. ನಮಗೂ ಖುಷಿ, ಸಂಘದವರಿಗೂ ಖುಷಿ. ಚಲೋ ಕಾಯಿ ಬಂದಾವು ಅಂತ ಎಲ್ಲರೂ ಅದರ ಬೀಜ ತೊಳೆದು ಒಣಗಿಸಿ ಇಟ್ಟುಕೊಂಡರು.

ಮರು ವರ್ಷ ಅದೇ ಬೀಜ ಹಚ್ಚಿದಾಗ ಒಂದೊಂದು ಮನೆಯಲ್ಲಿ ಒಂದೊಂದು ಕಥೆ. ಒಬ್ಬರ ಬಳ್ಳಿಗೆ ಕಾಯಿ ನಿಲ್ಲಲೇ ಇಲ್ಲ. ಇನ್ನೊಬ್ಬರ ಕಾಯಿ ನೀರು ನೀರು, ಪಲ್ಯ ಮಾಡಿದರೆ ಗಂಜಿ. ಒಬ್ಬರ ಮನೆಯ ಕಾಯಿಯಂತೂ ಕಹಿ. ಸಭೆಯಲ್ಲಿ ಒಬ್ಬ ಅಕ್ಕ ಎದ್ದು ನಿಂತು ಕೇಳಿದರು: "ನೀವು ಕೊಟ್ಟ ಬೀಜ ಒಂದ ವರ್ಷದ ಸಾಲ ಇದ್ದಂಗ ಏನ್ರಿ? ಪ್ರತಿ ವರ್ಷ ಮತ್ತ ತರಬೇಕೇನು?" ನಮ್ಮ ಹತ್ತಿರ ಆಗ ಉತ್ತರ ಇರಲಿಲ್ಲ. ತಪ್ಪು ನಮ್ಮದೇ. ಆ ಬೀಜದ ಗುಣ ಏನು ಅಂತ ಹೇಳದೆ ನಾವು ಹಂಚಿದ್ದೆವು.

ಆ ಸಭೆ ಮುಗಿದ ಮೇಲೆ ಕಲಘಟಗಿ ಕಡೆಯ ಒಬ್ಬ ಅಜ್ಜಿ ನಮ್ಮನ್ನು ಕರೆದು ಹೇಳಿದರು, ತನ್ನ ತವರುಮನೆಯಿಂದ ತಂದ ಕುಂಬಳದ ಬೀಜ ಬೂದಿಯಲ್ಲಿ ಕಟ್ಟಿಟ್ಟಿದ್ದೇನೆ ಅಂತ. ಹೋಗಿ ನೋಡಿದರೆ ಮಣ್ಣಿನ ಕುಡಿಕೆಯಲ್ಲಿ ಏಳೇ ಏಳು ಬೀಜ. ಮೊಣಕಾಲು ನೋವಿನಿಂದ ಎರಡು ವರ್ಷ ಹಚ್ಚಿರಲಿಲ್ಲವಂತೆ. ಸೊಸೆಯಂದಿರಿಗೆ ಸಂತೆಯಲ್ಲಿ ಹೋಳು ಸಿಗುತ್ತದೆ, ಬಳ್ಳಿಯ ಉಸಾಬರಿ ಬೇಡ. ಏಳರಲ್ಲಿ ಮೂರು ಹುಟ್ಟಿದವು. ಒಂದನ್ನು ಕೆಂಪು ದುಂಬಿ ತಿಂದಿತು. ಉಳಿದ ಎರಡು ಬಳ್ಳಿಯಿಂದ ಐದು ಕಾಯಿ ಸಿಕ್ಕವು. ಎರಡು ತಲೆಮಾರಿನ ಬೀಜ ಎರಡು ಬಳ್ಳಿಯ ಮೇಲೆ ನಿಂತಿತ್ತು ಎಂದರೆ ನೀವೇ ಯೋಚನೆ ಮಾಡಿ. ಈ ಲೇಖನ ಬರೆಯಲು ಆ ಏಳು ಬೀಜವೇ ಕಾರಣ.

ಹೈಬ್ರಿಡ್ ಯಾಕೆ ಮಾತು ತಪ್ಪುತ್ತದೆ?

ಹೈಬ್ರಿಡ್ ಬೀಜ ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಮಾರುಕಟ್ಟೆಗೆ ಎಕರೆಗಟ್ಟಲೆ ಬೆಳೆಯುವವರಿಗೆ ಅದರ ಉಪಯೋಗ ಇದೆ. ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಮೊದಲ ಪೀಳಿಗೆಯ ಬೀಜ ತೆಗೆಯುತ್ತಾರೆ. ಆ ಪೀಳಿಗೆ ಒಂದೇ ರೀತಿ ಬರುತ್ತದೆ. ಅದರ ಮಕ್ಕಳಲ್ಲಿ ಮಾತ್ರ ಅಜ್ಜ ಅಜ್ಜಿಯರ ಗುಣಗಳು ಚದುರಿ ಹೋಗುತ್ತವೆ. ಒಂದಕ್ಕೆ ಬಣ್ಣ ಬಂದರೆ ರುಚಿ ಇಲ್ಲ, ಇನ್ನೊಂದಕ್ಕೆ ರುಚಿ ಇದ್ದರೆ ಕಾಯಿ ಇಲ್ಲ. ಹಿತ್ತಲದಲ್ಲಿ ನಾಲ್ಕು ಬಳ್ಳಿ ಹಚ್ಚುವ ನಮ್ಮಂಥವರಿಗೆ ಪ್ರತಿ ವರ್ಷ ಪಾಕೀಟು ಕೊಳ್ಳುವುದು ಅನಾವಶ್ಯಕ ಖರ್ಚು.

ಹಳೇ ತಳಿ ಅಥವಾ ನಾಟಿ ತಳಿ ಎಂದರೆ ತಲೆಮಾರಿನಿಂದ ಅದೇ ಊರಿನ ಮಳೆ, ಬಿಸಿಲು, ಮಣ್ಣಿನಲ್ಲಿ ಬೆಳೆದು, ಮನೆಯವರೇ ಆರಿಸಿ ಉಳಿಸಿದ ಬೀಜ. ಅದರ ಬೀಜದಿಂದ ಅದೇ ಕಾಯಿ ಬರುತ್ತದೆ, ಬೇರೆ ಪರಾಗ ಬೀಳದಂತೆ ನೋಡಿಕೊಂಡರೆ. ನಮ್ಮ ಸಂಘದವರ ಮನೆಗಳು ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿ ಇವೆ, ಜೇನು ಒಂದು ಹಿತ್ತಲಿಂದ ಇನ್ನೊಂದಕ್ಕೆ ಹಾರುತ್ತದೆ. ಅಜ್ಜಿಯ ಮನೆ ಹೊಲದಾಗ, ಸುತ್ತ ಯಾರ ಬಳ್ಳಿಯೂ ಇಲ್ಲ. ಅವರ ಬೀಜ ಶುದ್ಧವಾಗಿ ಉಳಿದದ್ದಕ್ಕೆ ಅದೂ ಒಂದು ಕಾರಣ.

ಹೈಬ್ರಿಡ್ ಅಲ್ಲದ ಸುಧಾರಿತ ತಳಿಗಳೂ ಇವೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಅರ್ಕಾ ಚಂದನ್ ಮತ್ತು ಅರ್ಕಾ ಸೂರ್ಯಮುಖಿ ಅಂಥವು. ಚಂದನ್ ಕಾಯಿ ಎರಡು ಮೂರು ಕಿಲೋ ತೂಗುತ್ತದೆ. ಸೂರ್ಯಮುಖಿ ಸುಮಾರು ಒಂದು ಕಿಲೋದ ಚಿಕ್ಕ ಕಾಯಿ, ಚಿಕ್ಕ ಕುಟುಂಬಕ್ಕೆ ಅನುಕೂಲ, ಹಣ್ಣು ನೊಣದ ಕಾಟವನ್ನೂ ತಡೆಯುತ್ತದೆ. ಇವುಗಳ ಬೀಜ ನೀವೇ ಉಳಿಸಬಹುದು. ಅಜ್ಜಿಯಂದಿರ ಬೀಜ ಸಿಗದ ಊರಿನವರು ಇವುಗಳಿಂದ ಶುರು ಮಾಡಲಿ.

ನಮ್ಮ ಹವೆಗೆ ಯಾವ ಕುಂಬಳ?

ಕುಂಬಳ ಎಂದರೆ ಕೆಲವರಿಗೆ ಬೂದುಗುಂಬಳ ನೆನಪಾಗುತ್ತದೆ, ಆಯುಧಪೂಜೆಯ ದಿನ ಗಾಡಿ ಮುಂದೆ ಒಡೆಯುವಂಥದ್ದು. ಅದು ಬೇರೆ ಜಾತಿ. ನಾವು ಹೇಳುತ್ತಿರುವುದು ಒಳಗೆ ಹಳದಿ ಕೇಸರಿ ತಿರುಳಿರುವ ಸಿಹಿ ಕುಂಬಳ. ಮಲೆನಾಡಿನವರು ಚೀನಿಕಾಯಿ ಅನ್ನುತ್ತಾರೆ. ಹೆಸರು ಹಾಗಿದ್ದರೂ ಅದು ಚೀನಾದಿಂದ ಬಂದದ್ದಲ್ಲ. ಮೆಣಸಿನಕಾಯಿ, ಶೇಂಗಾ ಬಂದಂತೆಯೇ ಕಳೆದ ಐದುನೂರು ವರ್ಷಗಳೊಳಗೆ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದ ಬಳ್ಳಿ. ಬ್ಯಾಡಗಿ ಮೆಣಸಿನಕಾಯಿ ನಮ್ಮದಾದಂತೆ ಇದೂ ನಮ್ಮದಾಗಿದೆ.

ಸಿಹಿ ಕುಂಬಳದಲ್ಲೂ ಮುಖ್ಯವಾಗಿ ಮೂರು ಜಾತಿ. ಒಂದು ತಂಪು ಹವೆಯದ್ದು, ನಮ್ಮಲ್ಲಿ ಬೇಗ ಕೊಳೆಯುತ್ತದೆ. ಇನ್ನೊಂದರ ಕಾಯಿ ಬಹಳ ದೊಡ್ಡದಾಗುತ್ತದೆ, ತೊಟ್ಟು ದುಂಡಗೆ, ಬೆಂಡಿನಂತೆ ಮೆತ್ತಗೆ. ಮೂರನೆಯದೇ ನಮ್ಮ ಹಿತ್ತಲಿಗೆ ಹೇಳಿಸಿದ್ದು, ಬಿಸಿಲು ಮತ್ತು ಮಳೆಗಾಲದ ಜಿಗುಟು ಸೆಕೆ ಎರಡನ್ನೂ ತಾಳುವಂಥದ್ದು. ಅದರ ಗುರುತು ತೊಟ್ಟಿನಲ್ಲೇ ಇದೆ. ತೊಟ್ಟು ಗಟ್ಟಿ, ಐದು ಏಣು ಇರುತ್ತವೆ, ಕಾಯಿಗೆ ಸೇರುವ ಕಡೆ ಪಾದದಂತೆ ಅಗಲವಾಗುತ್ತದೆ. ಎಲೆಯ ಮೇಲೆ ಬಿಳಿ ಮಚ್ಚೆ ಇರಬಹುದು. ಹೊಸಬರು ಅದನ್ನೇ ರೋಗ ಅಂತ ತಿಳಿದು ಗಾಬರಿಯಾಗುತ್ತಾರೆ, ಅದು ಹುಟ್ಟು ಬಣ್ಣ.

ಈ ಜಾತಿಯ ದೊಡ್ಡ ಗುಣ ಎಂದರೆ ಬಳ್ಳಿ ನೆಲದ ಮೇಲೆ ಹರಿಯುವಾಗ ಗಿಣ್ಣು ಗಿಣ್ಣಿಗೆ ಬೇರು ಬಿಡುತ್ತದೆ. ಗಿಣ್ಣಿನ ಮೇಲೆ ಒಂದು ಬೊಗಸೆ ಮಣ್ಣು ಹಾಕಿದರೆ ಸಾಕು. ಬುಡ ಕೊಳೆತರೂ ಬಳ್ಳಿ ಬದುಕುತ್ತದೆ, ನಡುವೆ ಹದಿನೈದು ದಿನ ಮಳೆ ಕೈಕೊಟ್ಟರೂ ತಡೆಯುತ್ತದೆ. ಧಾರವಾಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರ್ ಮಳೆ, ಅದೂ ಅಳ್ನಾವರ ಕಲಘಟಗಿಯಲ್ಲಿ ಹೆಚ್ಚು, ನವಲಗುಂದದ ಕಡೆ ಕಡಿಮೆ. ಇಂಥ ಏರುಪೇರಿಗೆ ಈ ಬಳ್ಳಿಯೇ ಸರಿ.

ಹಚ್ಚುವುದು ಹೇಗೆ

ರೋಹಿಣಿ ಮಳೆ ಬಿದ್ದು ನೆಲ ಹಸಿಯಾದ ಮೇಲೆ ಗುಣಿ ತೆಗೆದಿಡಿ. ಎರಡು ಅಡಿ ಅಗಲ, ಒಂದೂವರೆ ಅಡಿ ಆಳ. ಒಂದು ಗುಣಿಯಿಂದ ಇನ್ನೊಂದಕ್ಕೆ ಎಂಟು ಅಡಿಯಾದರೂ ಬೇಕು. ಎರಡು ಮೂರು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಒಲೆಯ ಬೂದಿ ಕಲಸಿ ಮೇಲ್ಮಣ್ಣಿನೊಂದಿಗೆ ತುಂಬಿ. ಹಸಿ ಸಗಣಿ ಹಾಕಬೇಡಿ, ಅದರ ಕಾವಿಗೆ ಬೇರು ಸುಡುತ್ತದೆ. ಮಸಾರಿ ಮಣ್ಣಿನವರಿಗೆ ಇಷ್ಟು ಸಾಕು. ಎರಿ ಭೂಮಿಯವರು ಮಾತ್ರ ಗುಣಿಯ ಮೇಲೆ ಅರ್ಧ ಅಡಿ ಎತ್ತರ ದಿಬ್ಬ ಮಾಡಲೇಬೇಕು. ಎರಿ ಮಣ್ಣು ನೀರು ಹಿಡಿದು ನಿಂತರೆ ಎರಡೇ ದಿನದಲ್ಲಿ ಬುಡ ಕೊಳೆಯುತ್ತದೆ. ಕುಂದಗೋಳ ಕಡೆಯ ಸದಸ್ಯೆಯರು ಪ್ರತಿ ವರ್ಷ ಹೇಳುವ "ಬಳ್ಳಿ ಒಮ್ಮೆಲೆ ಬಾಡಿ ಹೋತ್ರಿ" ಎಂಬ ದೂರಿನ ಮೂಲ ಬಹಳ ಸಲ ಇದೇ ಆಗಿರುತ್ತದೆ.

ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ, ಗುಣಿಗೆ ಮೂರು ನಾಲ್ಕು ಬೀಜದಂತೆ ಒಂದು ಇಂಚು ಆಳಕ್ಕೆ ಊರಿ. ವಾರದೊಳಗೆ ಹುಟ್ಟುತ್ತವೆ. ನಾಲ್ಕು ಎಲೆ ಬಂದಾಗ ಗಟ್ಟಿಯಾದ ಎರಡನ್ನು ಇಟ್ಟು ಉಳಿದದ್ದು ಕೀಳಿ. ಜೂನ್ ಎರಡನೇ ವಾರ ಊರಿದ ಬೀಜಕ್ಕೆ ನೂರಹತ್ತು ನೂರಿಪ್ಪತ್ತು ದಿನ ಹಿಡಿದರೆ ಸೀಗಿ ಹುಣ್ಣಿಮೆಯ ಹೊತ್ತಿಗೆ ಕಾಯಿ ಬಲಿಯುತ್ತದೆ. ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಬುತ್ತಿಯಲ್ಲಿ ಕುಂಬಳಕಾಯಿ ಪಲ್ಯ ಇರುವುದು ಸುಮ್ಮನೆ ಅಲ್ಲ, ಆಗ ಅದರ ಕಾಲ.

ಬೇಸಿಗೆ ಬೆಳೆ ಬೇಕೆನ್ನುವವರು ಡಿಸೆಂಬರ್ ಕೊನೆಯಿಂದ ಜನವರಿ ಒಳಗೆ ಹಚ್ಚಬಹುದು, ನೀರಿನ ಅನುಕೂಲ ಇದ್ದರೆ ಮಾತ್ರ. ಪಾತ್ರೆ ತೊಳೆದ ನೀರು ಹಾಯಿಸುವವರು ಸೋಪಿನ ನೀರನ್ನು ಬೇರೆ ಕಡೆ ತಿರುಗಿಸಿ. ಹಿತ್ತಲು ಚಿಕ್ಕದಿದ್ದರೆ ಬಳ್ಳಿಯನ್ನು ಹಂದರಕ್ಕೋ ಮಾಳಿಗೆಗೋ ಹತ್ತಿಸಿ. ತಗಡಿನ ಮೇಲೆ ಹತ್ತಿಸಿದರೆ ಬೇಸಿಗೆಯಲ್ಲಿ ಕಾಯಿ ಸುಡುತ್ತದೆ, ಕೆಳಗೆ ಹುಲ್ಲು ಹಾಸಿ.

"ಬರೇ ಹೂವ ಬಿಡಾಕತ್ತಾವ್ರಿ"

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ: "ಬರೇ ಹೂವ ಬಿಡಾಕತ್ತಾವ್ರಿ, ಒಂದ ಕಾಯೀನೂ ನಿಂದ್ರವಲ್ಲವು." ಸಿಟ್ಟಿಗೆ ಬಳ್ಳಿ ಕಿತ್ತು ಹಾಕಿದವರೂ ಇದ್ದಾರೆ. ದಯವಿಟ್ಟು ಕೀಳಬೇಡಿ, ಇದನ್ನು ಓದಿ.

ಕುಂಬಳದ ಒಂದೇ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಂಡು ಹೂವು ಉದ್ದ ತೆಳ್ಳನೆ ತೊಟ್ಟಿನ ಮೇಲೆ ನಿಂತಿರುತ್ತದೆ. ಹೆಣ್ಣು ಹೂವಿನ ಕೆಳಗೆ ಮೊದಲೇ ಗೋಲಿಯಂಥ ಪುಟ್ಟ ಕಾಯಿ ಇರುತ್ತದೆ. ಬೀಜ ಊರಿ ನಲವತ್ತು ದಿನದ ಹೊತ್ತಿಗೆ ಮೊದಲು ಬರುವುದು ಗಂಡು ಹೂಗಳೇ. ಹೆಣ್ಣು ಹೂವು ವಾರ ಹತ್ತು ದಿನ ತಡ. ಬಿಸಿಲು ಬಹಳ ಇದ್ದರೆ, ಹಗಲು ಉದ್ದ ಇದ್ದರೆ ಗಂಡು ಹೂವು ಇನ್ನೂ ಜಾಸ್ತಿ, ಹೆಣ್ಣು ಇನ್ನೂ ತಡ. ಗೊಬ್ಬರ ಅತಿಯಾದರೂ, ಮುಖ್ಯವಾಗಿ ಯೂರಿಯಾ ಹಾಕಿದರೆ, ಎಲೆ ಕೊಬ್ಬಿ ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಮೊದಲ ಹದಿನೈದು ದಿನ ಸುಮ್ಮನೆ ಕಾಯಬೇಕು. ಎಂಟು ಹತ್ತು ಎಲೆ ಬಂದಾಗ ತುದಿ ಚಿವುಟಿದರೆ ಪಕ್ಕದ ಕವಲು ಒಡೆಯುತ್ತವೆ, ಹೆಣ್ಣು ಹೂವು ಹೆಚ್ಚಾಗಿ ಕವಲುಗಳ ಮೇಲೆ ಬರುತ್ತದೆ. ಚಿವುಟಿದ ತುದಿ ಪಲ್ಯಕ್ಕಾಯಿತು.

ಹೆಣ್ಣು ಹೂವು ಬಂದು, ಗೋಲಿಯಂಥ ಕಾಯಿ ಹಳದಿಯಾಗಿ ಉದುರುತ್ತಿದ್ದರೆ ಅದಕ್ಕೆ ಪರಾಗ ಸಿಕ್ಕಿಲ್ಲ ಎಂದರ್ಥ. ಕುಂಬಳದ ಹೂವು ನಸುಕಿಗೆ ಅರಳಿ ಒಂಬತ್ತು ಹತ್ತು ಗಂಟೆಗೆ ಮುಚ್ಚುತ್ತದೆ. ಆಯುಷ್ಯ ಅಷ್ಟೇ, ಒಂದು ಬೆಳಿಗ್ಗೆ. ಮಳೆ ಜಿಟಿಜಿಟಿ ಹಿಡಿದರೆ ಜೇನು ಬರುವುದಿಲ್ಲ. ಊರ ನಡುವೆ, ಹುಬ್ಬಳ್ಳಿಯಂಥ ಪಟ್ಟಣದ ಓಣಿಗಳಲ್ಲಿ, ಜೇನೇ ಕಡಿಮೆ. ಆಗ ಆ ಕೆಲಸ ನಾವೇ ಮಾಡಬೇಕು. ಬೆಳಿಗ್ಗೆ ಆರರಿಂದ ಎಂಟರೊಳಗೆ ಅರಳಿದ ಗಂಡು ಹೂವು ಕಿತ್ತು, ದಳ ಹರಿದು, ನಡುವಿನ ಹಳದಿ ಪುಡಿಯ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಹಗುರವಾಗಿ ನಾಲ್ಕೈದು ಸಲ ಸವರಿ. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂವಿಗೆ ಸಾಕು. ನೀರು ಹಾಕುವ ಮೊದಲೇ ಈ ಕೆಲಸ ಮುಗಿಸಿ. ಮೂರು ನಾಲ್ಕು ದಿನದಲ್ಲಿ ಗೋಲಿ ನಿಂಬೆಹಣ್ಣಿನಷ್ಟು ಆದರೆ ಕೈಗೂಡಿತು. ನಮ್ಮ ಸದಸ್ಯೆಯೊಬ್ಬರು ಇದನ್ನು ಹತ್ತು ವರ್ಷದ ಮಗನಿಗೆ ಕಲಿಸಿ ಕೆಲಸ ಅವನಿಗೇ ವಹಿಸಿದ್ದಾರೆ. ಶಾಲೆಗೆ ಹೋಗುವ ಮುಂಚೆ ಅವನು ಲೆಕ್ಕ ಹಾಕಿ ಬರೆದಿಡುತ್ತಾನೆ.

ಹುಳ ಮತ್ತು ರೋಗ

ಸಸಿ ಎರಡೆಲೆ ಇದ್ದಾಗ ಬರುವ ಕೆಂಪು ದುಂಬಿಯೇ ದೊಡ್ಡ ಕಳ್ಳ. ಬೆಳಗಿನ ತಂಪಿಗೆ ಅದು ಜಡವಾಗಿರುತ್ತದೆ, ಆಗ ಆರಿಸಿ ಸೋಪಿನ ನೀರಿಗೆ ಹಾಕಿ. ಇಬ್ಬನಿ ಇರುವಾಗಲೇ ಎಲೆಗೆ ಜರಡಿ ಹಿಡಿದ ಬೂದಿ ಉದುರಿಸಿ. ಮಳೆ ಬಂದರೆ ಬೂದಿ ತೊಳೆದು ಹೋಗುತ್ತದೆ, ಮತ್ತೆ ಹಾಕಬೇಕು. ಮೂರು ವಾರ ಕಾದರೆ ಬಳ್ಳಿ ತಾನೇ ಗೆಲ್ಲುತ್ತದೆ.

ಹಣ್ಣು ನೊಣ ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಒಳಗೆ ಹುಳವಾಗಿ ಕಾಯಿ ಕೊಳೆಯುತ್ತದೆ. ಕೊಳೆತ ಕಾಯಿಯನ್ನು ತಿಪ್ಪೆಗೆ ಎಸೆಯುವುದೇ ನಾವು ಮಾಡುವ ತಪ್ಪು, ಅಲ್ಲಿ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಎರಡು ಅಡಿ ಆಳಕ್ಕೆ ಹುಗಿಯಿರಿ ಅಥವಾ ಸುಡಿ. ನಿಂಬೆಹಣ್ಣಿನ ಗಾತ್ರ ಆದ ಕೂಡಲೇ ಕಾಯಿಗೆ ಹಳೇ ಬಟ್ಟೆ ಅಥವಾ ಪೇಪರ್ ಸುತ್ತಿ ಕಟ್ಟಿದರೆ ನೊಣ ಮುಟ್ಟುವುದಿಲ್ಲ. ಹೆಚ್ಚು ಬಳ್ಳಿ ಇದ್ದವರು ಗಂಡು ನೊಣ ಹಿಡಿಯುವ ಮೋಹಕ ಬಲೆ ತೂಗುಹಾಕಬಹುದು.

ಎಲೆ ಮೇಲೆ ಹಿಟ್ಟು ಚೆಲ್ಲಿದಂತೆ ಬರುವ ಬೂದಿ ರೋಗ ಕಾಯಿ ಬಲಿಯುವ ಹೊತ್ತಿಗೆ ಬಂದರೆ ಬಿಟ್ಟುಬಿಡಿ. ಮೊದಲೇ ಬಂದರೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಕಲಸಿ ಬಿಸಿಲಿರುವಾಗ ಚಿಮುಕಿಸಿ. ಎಲೆ ಹಳದಿ ಹಸಿರು ಚಕ್ಕೆಯಾಗಿ ಮುದುಡಿಕೊಂಡರೆ ಅದು ನಂಜು ರೋಗ. ಅದಕ್ಕೆ ಔಷಧ ಇಲ್ಲ. ಅಂಥ ಬಳ್ಳಿಯನ್ನು ಕಿತ್ತು ಸುಡಿ, ಅದರ ಬೀಜ ಎಂದೂ ಉಳಿಸಬೇಡಿ. ಯಾವುದೇ ಔಷಧ ಹೊಡೆಯುವುದಿದ್ದರೂ ಸಂಜೆ ಹೊಡೆಯಿರಿ. ಬೆಳಿಗ್ಗೆ ಹೊಡೆದರೆ ಜೇನು ಸಾಯುತ್ತದೆ, ಆಮೇಲೆ ಕಾಯಿ ಎಲ್ಲಿಂದ ಬರಬೇಕು?

ಕಹಿ ಕಾಯಿ ಬಗ್ಗೆ ಒಂದು ಎಚ್ಚರಿಕೆ

ನಾವು ಮೇಲೆ ಹೇಳಿದ ಕಹಿ ಕಾಯಿಯನ್ನು ಆ ಮನೆಯವರು ಬೆಲ್ಲ ಹೆಚ್ಚು ಹಾಕಿ ಅಡಿಗೆ ಮಾಡಲು ನೋಡಿದರು. ಪುಣ್ಯಕ್ಕೆ ಯಾರೂ ಬಾಯಲ್ಲಿ ಇಡಲಾಗಲಿಲ್ಲ. ಸೋರೆ, ಕುಂಬಳ, ಸೌತೆ ಜಾತಿಯ ಕಾಯಿಗಳಲ್ಲಿ ಒಂದು ಕಹಿ ವಿಷ ಇರುತ್ತದೆ. ಸಾಮಾನ್ಯ ಕಾಯಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಬೆರಕೆ ಬೀಜದಿಂದ ಹುಟ್ಟಿದ ಕಾಯಿಯಲ್ಲಿ ಅಪರೂಪಕ್ಕೆ ಏರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಭೇದಿ ಆಗಿ ಜೀವಕ್ಕೂ ಅಪಾಯ. 2010ರಲ್ಲಿ ದಿಲ್ಲಿಯಲ್ಲಿ ಕಹಿ ಸೋರೆಕಾಯಿ ರಸ ಕುಡಿದು ವಿಜ್ಞಾನಿಯೊಬ್ಬರು ತೀರಿಕೊಂಡರು. ಅದಕ್ಕೇ ಹೊಸ ಬಳ್ಳಿಯ ಮೊದಲ ಕಾಯಿ ಕೊಯ್ದಾಗ ಸಾಸಿವೆ ಕಾಳಿನಷ್ಟು ಹಸಿ ತಿರುಳು ನಾಲಗೆಗೆ ಮುಟ್ಟಿಸಿ ನೋಡಿ, ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ದನಕ್ಕೂ ಹಾಕಬೇಡಿ. ಪಕ್ಕದಲ್ಲಿ ಹಾಗಲ ಹಚ್ಚಿದ್ದಕ್ಕೆ ಕುಂಬಳ ಕಹಿಯಾಯಿತು ಅನ್ನುವ ಮಾತು ಸುಳ್ಳು. ಹಾಗಲಕ್ಕೂ ಕುಂಬಳಕ್ಕೂ ಬೆರಕೆ ಆಗುವುದಿಲ್ಲ.

ಕೊಯ್ಲು ಮತ್ತು ಕಾಪಾಡುವುದು

ತೊಟ್ಟು ಒಣಗಿ ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆಗೆ ಉಗುರು ಊರಿದರೆ ಇಳಿಯದಂತಾದರೆ ಕಾಯಿ ಬಲಿತಿದೆ. ಮೂರು ನಾಲ್ಕು ಇಂಚು ತೊಟ್ಟು ಬಿಟ್ಟು ಕುಡುಗೋಲಿನಿಂದ ಕೊಯ್ಯಿರಿ. ತೊಟ್ಟು ಹಿಡಿದು ಎತ್ತಬೇಡಿ, ಮುರಿದ ಜಾಗದಿಂದಲೇ ಕೊಳೆ ಶುರುವಾಗುತ್ತದೆ. ಗಾಳಿ ಆಡುವ ಕಡೆ ಎಂಟು ಹತ್ತು ದಿನ ಇಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ. ಹಿಂದೆ ನಮ್ಮ ಹಿರಿಯರು ಜಂತಿಗೆ ನೆಲುವು ಕಟ್ಟಿ ಕುಂಬಳಕಾಯಿ ತೂಗುಹಾಕುತ್ತಿದ್ದರು. ಅದಕ್ಕಿಂತ ಒಳ್ಳೆಯ ಉಪಾಯ ನಮಗೆ ಇಂದಿಗೂ ತಿಳಿದಿಲ್ಲ: ಸುತ್ತ ಗಾಳಿ, ಇಲಿ ಇಲ್ಲ, ಒಂದಕ್ಕೊಂದು ತಾಗುವುದಿಲ್ಲ. ಆರ್‌ಸಿಸಿ ಮನೆಯವರು ಹಲಗೆ ಮೇಲೆ ಹುಲ್ಲು ಹಾಸಿ ಬಿಡಿ ಬಿಡಿಯಾಗಿ ಇಡಿ. ಮೂರರಿಂದ ಆರು ತಿಂಗಳು ಇರುತ್ತದೆ. ಬೇಸಿಗೆಯಲ್ಲಿ ಕಾಯಿಪಲ್ಯೆ ತುಟ್ಟಿಯಾದಾಗ ಮನೆಯಲ್ಲಿ ನಾಲ್ಕು ಕುಂಬಳ ಇದ್ದರೆ ಅದೇ ಒಂದು ಉಳಿತಾಯ. ಮಾರುವವರು ಇಡೀ ಕಾಯಿಗಿಂತ ಸಂತೆಯಲ್ಲಿ ಹೋಳು ಮಾಡಿ ಮಾರಿದರೆ ಬೇಗ ಖರ್ಚಾಗುತ್ತದೆ. ಒಳಗಿನ ಬಣ್ಣ ಕಂಡೇ ಜನ ಕೊಳ್ಳುವುದು.

ಅಡಿಗೆ

ತಿರುಳಿನ ಕೇಸರಿ ಬಣ್ಣದಲ್ಲೇ ಅದರ ಗುಣ ಇದೆ. ಅದು ನಮ್ಮ ದೇಹದಲ್ಲಿ ಎ ಜೀವಸತ್ವವಾಗುತ್ತದೆ, ಮಕ್ಕಳ ಇರುಳುಗಣ್ಣು ತಡೆಯಲು ಬೇಕಾದದ್ದು. ಎಣ್ಣೆಯ ಜೊತೆ ಉಂಡರೆ ಮಾತ್ರ ದೇಹ ಅದನ್ನು ಚೆನ್ನಾಗಿ ಹೀರುತ್ತದೆ. ಆದ್ದರಿಂದ ಒಗ್ಗರಣೆ ಬಿಡಬೇಡಿ.

ದಿನದ ಪಲ್ಯಕ್ಕೆ ಸಿಪ್ಪೆ ದಪ್ಪ ಇದ್ದರೆ ಮಾತ್ರ ತೆಗೆಯಿರಿ. ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಹಾಕಿ ಹೋಳು ಹಾಕಿ. ನೀರು ಬೇಡ, ಮುಚ್ಚಳ ಮುಚ್ಚಿದರೆ ತನ್ನ ನೀರಲ್ಲೇ ಬೇಯುತ್ತದೆ. ಉಪ್ಪು, ಖಾರ, ಚೂರು ಬೆಲ್ಲ, ಕೊನೆಗೆ ಎರಡು ಚಮಚ ಗುರೆಳ್ಳು ಪುಡಿ. ಸಜ್ಜಿ ರೊಟ್ಟಿಗೆ ಇದರಂಥ ಜೋಡಿ ಇಲ್ಲ. ಎಳೆ ಕುಡಿಯ ನಾರು ಎಳೆದು, ಸಣ್ಣಗೆ ಹೆಚ್ಚಿ, ನೆನೆಸಿದ ಹೆಸರುಬೇಳೆ ಜೊತೆ ಪಲ್ಯ ಮಾಡಬಹುದು. ಕೆಲಸ ಮುಗಿದ ಗಂಡು ಹೂವನ್ನು ಒಳಗಿನ ಕಡ್ಡಿ ತೆಗೆದು ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿದರೆ ಮಕ್ಕಳಿಗೆ ಬಜ್ಜಿ.

ಇನ್ನು ಗಾರಿಗಿ. ಅಜ್ಜಿಯ ಐದು ಕಾಯಿಗಳಲ್ಲಿ ಒಂದನ್ನು ಸಭೆಯ ದಿನವೇ ಕೊಯ್ದು ಗಾರಿಗಿ ಮಾಡಿದೆವು, ಅದರ ಲೆಕ್ಕ ಇಲ್ಲಿದೆ. ತುರಿದ ಕುಂಬಳ ಎರಡು ಬಟ್ಟಲು, ಕುಟ್ಟಿದ ಬೆಲ್ಲ ಒಂದು ಬಟ್ಟಲು. ಚಮಚ ತುಪ್ಪದಲ್ಲಿ ತುರಿ ಹುರಿದು ಬೆಲ್ಲ ಹಾಕಿ, ಬೆಲ್ಲ ಕರಗಿ ತುರಿ ಮೆತ್ತಗಾಗುವ ತನಕ ಕುದಿಸಿ ಇಳಿಸಿ. ಪೂರ್ತಿ ಆರಲಿ. ಬಿಸಿ ಇರುವಾಗ ಹಿಟ್ಟು ಹಾಕಿದರೆ ಅದು ಹೆಚ್ಚು ಹಿಟ್ಟು ಕುಡಿದು ಗಾರಿಗಿ ಕಲ್ಲಾಗುತ್ತದೆ. ಆರಿದ ಮೇಲೆ ಏಲಕ್ಕಿ, ಚಿಟಿಕೆ ಉಪ್ಪು, ಎರಡು ಚಮಚ ಸಣ್ಣ ರವೆ, ಹಿಡಿಸಿದಷ್ಟು ಗೋಧಿ ಹಿಟ್ಟು (ಸುಮಾರು ಎರಡೂವರೆ ಬಟ್ಟಲು) ಹಾಕಿ ಗಟ್ಟಿಯಾಗಿ ನಾದಿ. ನೀರು ಮುಟ್ಟಿಸಬೇಡಿ. ಅರ್ಧ ತಾಸು ಬಿಟ್ಟು, ಎಣ್ಣೆ ಸವರಿದ ಹಾಳೆಯ ಮೇಲೆ ಪೂರಿಗಿಂತ ತುಸು ದಪ್ಪ ತಟ್ಟಿ, ಮೇಲೆ ಗಸಗಸೆ ಒತ್ತಿ, ಮಂದ ಉರಿಯಲ್ಲಿ ಕರಿಯಿರಿ. ಉರಿ ಜೋರಾದರೆ ಬೆಲ್ಲ ಸುಟ್ಟು ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಮೂರು ನಾಲ್ಕು ದಿನ ಕೆಡುವುದಿಲ್ಲ. ನೀರು ನೀರಾದ ಕಾಯಿಯಲ್ಲಿ ಗಾರಿಗಿ ಆಗುವುದಿಲ್ಲ, ಹಿಟ್ಟು ಸುರಿದಷ್ಟೂ ಬೇಡುತ್ತದೆ, ರುಚಿ ಹೋಗುತ್ತದೆ. ನಾಟಿ ಕಾಯಿಯ ಬೆಲೆ ಆವತ್ತು ಎಲ್ಲರಿಗೂ ತಿಳಿಯಿತು. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಗಾರಿಗಿ ಬಿಟ್ಟು ಪಲ್ಯವನ್ನೇ ಮಿತವಾಗಿ ಉಣ್ಣಲಿ.

ಬೀಜ

ಗಾರಿಗಿ ಮಾಡಿದ ದಿನ ಬೀಜ ಮಾತ್ರ ಯಾರೂ ಮುಟ್ಟಲಿಲ್ಲ. ಹುರಿದು ತಿನ್ನಲು ಬೀಜ ಚಲೋ, ಆದರೆ ಬಿತ್ತನೆಗೆ ಮೊದಲು ತೆಗೆದಿಡಬೇಕು.

ಓಣಿಯಲ್ಲಿ ಇರುವವರು ಶುದ್ಧ ಬೀಜ ತೆಗೆಯಲು ಹೂವು ಕಟ್ಟುವುದನ್ನು ಕಲಿಯಬೇಕು. ಬೇರೆ ಕುಂಬಳ ಅರ್ಧದಿಂದ ಒಂದು ಕಿಲೋಮೀಟರ್ ಒಳಗೆ ಇದ್ದರೆ ಜೇನು ಬೆರಸಿಬಿಡುತ್ತದೆ. ನಾಳೆ ಅರಳುವ ಮೊಗ್ಗು ಇವತ್ತು ಸಂಜೆಯೇ ತುದಿಯಲ್ಲಿ ಹಳದಿಯಾಗಿರುತ್ತದೆ. ಅಂಥ ಒಂದು ಹೆಣ್ಣು ಮೊಗ್ಗು, ಬೇರೆ ಬಳ್ಳಿಯ ಎರಡು ಗಂಡು ಮೊಗ್ಗು ಆರಿಸಿ, ತುದಿಗೆ ದಾರ ಕಟ್ಟಿ. ಬೆಳಿಗ್ಗೆ ಬಿಚ್ಚಿ, ಮೊದಲು ಹೇಳಿದಂತೆ ಪರಾಗ ಸವರಿ, ಹೆಣ್ಣು ಹೂವಿನ ಬಾಯನ್ನು ಮತ್ತೆ ಕಟ್ಟಿಬಿಡಿ. ತೊಟ್ಟಿಗೆ ಬಣ್ಣದ ಬಟ್ಟೆ ಚೂರು ಕಟ್ಟಿ ಗುರುತು ಇಡಿ, ಇಲ್ಲದಿದ್ದರೆ ಮನೆಯವರು ಅದನ್ನೇ ಕೊಯ್ದು ಸಾರು ಮಾಡುತ್ತಾರೆ (ಹಾಗಾಗಿದೆ). ಕಾಯಿ ಕೊಯ್ದ ಮೇಲೆ ಇನ್ನೂ ಮೂರು ನಾಲ್ಕು ವಾರ ಇಟ್ಟು ಆಮೇಲೆ ಬೀಜ ತೆಗೆಯಿರಿ, ಅಷ್ಟರಲ್ಲಿ ಬೀಜ ಒಳಗೇ ತುಂಬಿಕೊಳ್ಳುತ್ತದೆ. ತೊಳೆದು ನೆರಳಲ್ಲಿ ಒಣಗಿಸಿ. ಬಾಗಿಸಿದರೆ ಟಕ್ಕನೆ ಮುರಿಯುವಂತಿರಬೇಕು. ಬೂದಿ ಬೆರಸಿ ಬಾಟಲಿಗೆ ಹಾಕಿ ಬಿಗಿ ಮುಚ್ಚಿ. ಮೂರು ನಾಲ್ಕು ವರ್ಷ ಹುಟ್ಟುವ ಶಕ್ತಿ ಇರುತ್ತದೆ. ಒಂದೇ ಬಳ್ಳಿಯದನ್ನಲ್ಲ, ಸಾಧ್ಯವಾದರೆ ಐದಾರು ಬಳ್ಳಿಯ ಬೀಜ ಕೂಡಿಸಿ ಇಡಿ. ಅಜ್ಜಿಯ ಬೀಜ ಎರಡೇ ಬಳ್ಳಿಯದು ಎಂಬ ಚಿಂತೆ ನಮಗೆ ಇದೆ. ಅವರ ತವರಿನ ಕಡೆ ಅದೇ ಕಾಯಿ ಇನ್ನೂ ಯಾರ ಮನೆಯಲ್ಲಾದರೂ ಇದೆಯೇ ಅಂತ ಹುಡುಕುತ್ತಿದ್ದೇವೆ.

ಇದು ನಾವೊಬ್ಬರೇ ಮಾಡುವ ಕೆಲಸವಲ್ಲ. ಶಿರಸಿಯ ವನಸ್ತ್ರೀ ಸಂಘಟನೆಯ ಹೆಣ್ಣುಮಕ್ಕಳು 2001ರಿಂದ ಹಿತ್ತಲ ಬೀಜ ಉಳಿಸಿ ಹಂಚುತ್ತಿದ್ದಾರೆ. ನಮ್ಮದೇ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವ-ಸಹಾಯ ಸಂಘಕ್ಕೆ ಸಿರಿಧಾನ್ಯ ಮತ್ತು ಸಮುದಾಯ ಬೀಜ ಬ್ಯಾಂಕಿನ ಕೆಲಸಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿದೆ. ಅವರೂ ನಮ್ಮ ಹಾಗೆಯೇ ಉಳಿತಾಯ ಸಂಘದವರು. ಬೀಜ ಹಂಚಿದರೆ ಯಾರಾದರೂ ಆಕ್ಷೇಪಿಸುತ್ತಾರೆಯೇ ಅಂತ ಕೆಲವರು ಕೇಳಿದ್ದರು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತರು ತಾವು ಬೆಳೆದ ಬೀಜ ಉಳಿಸಬಹುದು, ಬಿತ್ತಬಹುದು, ಬದಲಿಸಿಕೊಳ್ಳಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಾಕಿ ಮಾರುವಂತಿಲ್ಲ ಅಷ್ಟೇ.

ಈಗ ನಾವು ಮಾಡಿರುವ ಏರ್ಪಾಡು ಇಷ್ಟು. ಅಜ್ಜಿಯ ಬೀಜವನ್ನು ಮೂರು ಸಂಘಗಳಿಗೆ ಕೊಟ್ಟಿದ್ದೇವೆ, ಬೇರೆ ಬೇರೆ ಊರುಗಳಿಗೆ, ಒಂದು ಕಡೆ ಹೋದರೂ ಇನ್ನೊಂದು ಕಡೆ ಇರಲಿ ಅಂತ. ಒಳಸಾಲದ ಪುಸ್ತಕದ ಹಿಂದಿನ ಪುಟದಲ್ಲಿ ಬೀಜದ ಲೆಕ್ಕ: ಯಾರು ಎಷ್ಟು ಒಯ್ದರು, ಯಾವ ಮಳೆಗೆ ಹಚ್ಚಿದರು, ಎಷ್ಟು ಹುಟ್ಟಿದವು, ಎಷ್ಟು ಕಾಯಿ. ಹತ್ತು ಬೀಜ ಒಯ್ದವರು ಇಪ್ಪತ್ತು ತಿರುಗಿ ಕೊಡಬೇಕು. ಬಳ್ಳಿ ಹಾಳಾದರೆ ಬಡ್ಡಿ ಇಲ್ಲ, ಯಾಕೆ ಹಾಳಾಯಿತು ಅಂತ ಬರೆಸಿದರೆ ಸಾಕು. ಆ ಪುಟದ ಮೊದಲ ಸಾಲಿನಲ್ಲಿ ಅಜ್ಜಿಯ ಹೆಸರು ಮತ್ತು ಅವರ ತವರೂರಿನ ಹೆಸರು ಬರೆದಿದ್ದೇವೆ. ನಿಮ್ಮ ಮನೆಯಲ್ಲಿ, ತವರಿನಲ್ಲಿ ಇಂಥ ಕಟ್ಟಿಟ್ಟ ಬೀಜ ಇದ್ದರೆ ಮುಂದಿನ ತಿಂಗಳ ಸಭೆಗೆ ಐದು ಬೀಜ ತನ್ನಿ. ಕಾಯಿಯ ಆಕಾರ, ಬಣ್ಣ, ಯಾರಿಂದ ಬಂತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಬರೆಯಲು ಬಾರದವರು ಬಾಯಲ್ಲಿ ಹೇಳಿರಿ, ನಾವು ಬರೆದುಕೊಳ್ಳುತ್ತೇವೆ.